ಕಾರು ಎಲ್ಲಿ ಹುಟ್ಟಿತು ಅಂತ ಕೇಳೋ ಮುಂಚೆ

ಕಾರಿನ ವಿಷಯ ಬಂದರೆ ನಮ್ಮ ಮೆಕ್ಯಾನಿಕಲ್ ಬ್ರಾಂಚಿನವರಿಗೆ ಊಟವೂ ಬೇಡ, ಇಂಟರ್ನಲ್ಸೂ ಬೇಡ. ಮೆಸ್ಸಿನ ಸಾರು ತಣ್ಣಗಾಗುವ ತನಕ ವಾದ ನಡೆಯುತ್ತೆ. ಆ ವಾದಗಳಲ್ಲಿ ಪದೇ ಪದೇ ಕೇಳಿಬರುವ ಒಂದು ಮಾತಿದೆ: "ಗಾಡಿ ಸೂಪರ್ ಗುರು, ಆದ್ರೆ ಇಲ್ಲಿ ಅಸೆಂಬಲ್ ಆಗಿರೋದು. ಫಾರಿನ್ನಿಂದ ನೇರವಾಗಿ ಬಂದಿದ್ರೆ ಕ್ವಾಲಿಟಿನೇ ಬೇರೆ." ಸೀನಿಯರ್ಸ್ ಇದನ್ನು ಹೇಳ್ತಾರೆ, ಸೆಕೆಂಡ್ ಹ್ಯಾಂಡ್ ಕಾರಿನ ಬ್ರೋಕರ್ ಹೇಳ್ತಾನೆ, ಮದುವೆ ಮನೆಯಲ್ಲಿ ಸಿಗುವ ಮಾವಂದಿರೂ ಹೇಳ್ತಾರೆ. ಪುರಾವೆ ಮಾತ್ರ ಯಾರೂ ಕೇಳಲ್ಲ.

ನಾವು ಒಂದೇ ರೂಮಿನ ನಾಲ್ಕು ಜನ. ಈ ಮಾತನ್ನು ಸುಮ್ಮನೆ ಬಿಡೋಕೆ ನಮಗೆ ಆಗಲಿಲ್ಲ, ಅದಕ್ಕೊಂದು ಕಾರಣ ಇದೆ. ನಮ್ಮಲ್ಲೊಬ್ಬನ ಅಣ್ಣ ಐಟಿಐ ಮುಗಿಸಿ ಬಿಡದಿ ಕಡೆ ಒಂದು ಬಿಡಿಭಾಗಗಳ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದಾರೆ. ಒಂದು ಶಿಫ್ಟಿಗೆ ನೂರಾರು ಸಲ ಅದೇ ಬೋಲ್ಟುಗಳನ್ನು ಬಿಗಿಯುವ ಕೆಲಸ. "ಇಲ್ಲಿ ಅಸೆಂಬಲ್ ಆಗಿದ್ದು, ಅದಕ್ಕೇ ಕ್ವಾಲಿಟಿ ಇಲ್ಲ" ಅಂತ ಯಾರಾದರೂ ಅಂದರೆ ಅವರು ಹೇಳ್ತಿರೋದು ಈ ಅಣ್ಣನ ಕೈ ಸರಿ ಇಲ್ಲ ಅಂತ. ನಿಜವೇ ಆಗಿದ್ದರೆ ಒಪ್ಪಿಕೊಳ್ಳೋಣ. ಆದರೆ ನಿಜವಾ? ಇದನ್ನೇ ನೋಡೋಣ ಅಂತ ಒಂದಷ್ಟು ದಿನ ಓದಿದೆವು, ಸಿಕ್ಕವರನ್ನೆಲ್ಲ ಕೇಳಿದೆವು.

ಮೊದಲನೇ ತೊಂದರೆ ಏನಂದ್ರೆ, ಒಂದು ಕಾರಿಗೆ ಒಂದೇ ದೇಶ ಅನ್ನೋದೇ ಈಗ ಕಷ್ಟ. ಚಾಸಿಸ್ ನಂಬರಿನ 17 ಅಕ್ಷರಗಳಲ್ಲಿ ಮೊದಲನೆಯದು ಜೆ ಇದ್ದರೆ ಜಪಾನ್, ಡಬ್ಲ್ಯು ಇದ್ದರೆ ಜರ್ಮನಿ. ಎಂ ಪಕ್ಕ ಎ ಅಥವಾ ಬಿ ಇದ್ದರೆ ಭಾರತ. ಅಷ್ಟು ಸುಲಭ. ಆದರೆ ಬಾನೆಟ್ ಕೆಳಗೆ ಕಥೆ ಬೇರೆ. 2004ರಲ್ಲಿ ಟೊಯೋಟಾ ಶುರು ಮಾಡಿದ ಐಎಂವಿ ಯೋಜನೆಯನ್ನೇ ತಗೊಳ್ಳಿ. ನಮ್ಮ ಇನ್ನೋವಾ ಆ ಕುಟುಂಬದ್ದೇ. ಡೀಸೆಲ್ ಎಂಜಿನ್ ಥಾಯ್ಲೆಂಡ್‌ನಿಂದ, ಪೆಟ್ರೋಲ್ ಎಂಜಿನ್ ಇಂಡೋನೇಷ್ಯಾದಿಂದ, ಮ್ಯಾನುಯಲ್ ಗೇರ್‌ಬಾಕ್ಸ್ ಭಾರತ ಮತ್ತು ಫಿಲಿಪ್ಪೀನ್ಸ್‌ನಿಂದ ಅಂತ ಕೆಲಸ ಹಂಚಿದ್ದರು. ಭಾರತ ಅಂದರೆ ಇಲ್ಲಿ ಬಿಡದಿ! ಅಂದರೆ "ಫಾರಿನ್ ಗಾಡಿ" ಅಂತ ಬೇರೆ ದೇಶದವರು ಹೆಮ್ಮೆಯಿಂದ ಓಡಿಸುವ ಪಿಕಪ್‌ನಲ್ಲಿ ಮೈಸೂರು ರಸ್ತೆಯ ಗೇರ್‌ಬಾಕ್ಸ್ ಇರಬಹುದು. ಇನ್ನೊಂದು ಕಡೆ, ಹೊಸಕೋಟೆ ಹತ್ತಿರ ವೋಲ್ವೋ 2017ರಿಂದ ಎಕ್ಸ್‌ಸಿ90 ಕಾರನ್ನು ಜೋಡಿಸೋಕೆ ಶುರು ಮಾಡಿತು. ಹೀಗೆ ಜೋಡಿಸುವ ಕಾರುಗಳ ಮುಖ್ಯ ಭಾಗಗಳು ಕಿಟ್ ರೂಪದಲ್ಲಿ ಹಡಗಿನಲ್ಲಿ ಬರುತ್ತವೆ. ಪೂರ್ತಿ ಕಾರು ತರಿಸಿದರೆ ಕಸ್ಟಮ್ಸ್ ಸುಂಕ ಬಹಳ, ಕಿಟ್ ತರಿಸಿದರೆ ಕಡಿಮೆ. ಹಾಗಾಗಿ ಇಲ್ಲಿ ಜೋಡಿಸೋದು ತೆರಿಗೆಯ ಲೆಕ್ಕಾಚಾರ. ಕ್ವಾಲಿಟಿ ಕಡಿಮೆ ಮಾಡುವ ಸಂಚು ಅಲ್ಲ.

ಸರಿ, ಭಾಗಗಳು ಒಂದೇ ಆದರೂ ಜೋಡಿಸೋ ಕೈ ಬೇರೆ ಅಲ್ವಾ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಡೋರಿನ ಪ್ಯಾನೆಲ್ ಗ್ಯಾಪ್, ಮಳೆ ನೀರು ಒಳಗೆ ಬರೋದು, ಡ್ಯಾಶ್‌ಬೋರ್ಡಿನ ಕಿಟಿಕಿಟಿ ಸದ್ದು, ಸರಿಯಾಗಿ ಕೂರದ ವೈರಿಂಗ್ ಕ್ಲಿಪ್ಪು, ಟಾರ್ಕ್ ತಪ್ಪಿದ ಬೋಲ್ಟು – ಇವೆಲ್ಲ ಅಸೆಂಬ್ಲಿ ಲೈನಿನಲ್ಲೇ ಹುಟ್ಟಬಹುದಾದ ದೋಷಗಳು. ಹಾಗಾದರೆ ಕೈ ಯಾವ ದೇಶದ್ದು ಅನ್ನೋದು ಮುಖ್ಯವಾ? ಇದಕ್ಕೆ ಒಂದು ಪ್ರಯೋಗ ಆಗಲೇ ನಡೆದುಹೋಗಿದೆ, ಅದೂ ಅಮೆರಿಕದಲ್ಲಿ.

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಜನರಲ್ ಮೋಟಾರ್ಸ್ ಕಂಪನಿಯ ಒಂದು ಕಾರ್ಖಾನೆ ಇತ್ತು. ಗೈರುಹಾಜರಿ ವಿಪರೀತ, ಮುಷ್ಕರಗಳು, ಕೆಲಸದ ವೇಳೆಯಲ್ಲೇ ಕುಡಿತ. ಅಲ್ಲಿಂದ ಬರುವ ಕಾರುಗಳಿಗೆ ಕೆಟ್ಟ ಹೆಸರು. 1982ರಲ್ಲಿ ಅದನ್ನು ಮುಚ್ಚಿದರು. ಆಮೇಲೆ ಟೊಯೋಟಾ ಮತ್ತು ಜಿಎಂ ಸೇರಿ ನುಮ್ಮಿ ಅನ್ನೋ ಜಂಟಿ ಕಂಪನಿ ಮಾಡಿ, 1984ರಲ್ಲಿ ಅದೇ ಕಟ್ಟಡದಲ್ಲಿ ಕಾರು ತಯಾರಿಸೋಕೆ ಶುರು ಮಾಡಿದವು. ತಮಾಷೆ ಏನಂದ್ರೆ, ಕೆಲಸಕ್ಕೆ ತಗೊಂಡವರಲ್ಲಿ ಹೆಚ್ಚಿನವರು ಅದೇ ಹಳೇ ಕೆಲಸಗಾರರು, ಯೂನಿಯನ್ನೂ ಅದೇ. ಬದಲಾಗಿದ್ದು ಕೆಲಸ ಮಾಡುವ ರೀತಿ. ನೂರಾರು ಜನರನ್ನು ಜಪಾನಿಗೆ ತರಬೇತಿಗೆ ಕಳಿಸಿದರು. ತಪ್ಪು ಕಂಡರೆ ಹಗ್ಗ ಎಳೆದು ಲೈನ್ ನಿಲ್ಲಿಸುವ ಅಧಿಕಾರವನ್ನು ಕೆಲಸಗಾರನಿಗೇ ಕೊಟ್ಟರು.

ಫಲಿತಾಂಶವನ್ನು ಎಂಐಟಿಯ ಸಂಶೋಧಕರು ಅಳೆದರು. 1980ರ ದಶಕದ ಮಧ್ಯದ ಲೆಕ್ಕ ಇದು: ಜಪಾನಿನ ತಕಾವೊಕಾದ ಟೊಯೋಟಾ ಕಾರ್ಖಾನೆಯಲ್ಲಿ 100 ಕಾರಿಗೆ 45 ಅಸೆಂಬ್ಲಿ ದೋಷ. ನುಮ್ಮಿಯಲ್ಲೂ 45. ಅಮೆರಿಕದಲ್ಲೇ ಇದ್ದ ಜಿಎಂನ ಇನ್ನೊಂದು ಕಾರ್ಖಾನೆ ಫ್ರೇಮಿಂಗ್‌ಹ್ಯಾಮ್‌ನಲ್ಲಿ 130ರ ಆಸುಪಾಸು. ದೇಶವೇ ಕಾರಣ ಆಗಿದ್ದರೆ ಎರಡು ಅಮೆರಿಕನ್ ಸಂಖ್ಯೆಗಳು ಹತ್ತಿರ ಇರಬೇಕಿತ್ತು. ಇಲ್ಲಿ ಅಮೆರಿಕದ ಒಂದು ಕಾರ್ಖಾನೆ ಜಪಾನಿನ ಪಕ್ಕ ಹೋಗಿ ಕೂತಿದೆ.

ಹಾಗಂತ ಜಪಾನಿನ ಪದ್ಧತಿಯನ್ನು ಫೋಟೋಕಾಪಿ ಮಾಡಿದರೆ ಸಾಕು ಅಂತಲೂ ಅಲ್ಲ. ಅದೇ ಕ್ಯಾಲಿಫೋರ್ನಿಯಾದ ವ್ಯಾನ್ ನೈಸ್ ಕಾರ್ಖಾನೆಯಲ್ಲಿ ಜಿಎಂ ಇದನ್ನೇ ತರಲು ಹೋಯಿತು. ಮ್ಯಾನೇಜರುಗಳೂ ಒಪ್ಪಲಿಲ್ಲ, ಕೆಲಸಗಾರರಿಗೂ ನಂಬಿಕೆ ಬರಲಿಲ್ಲ. 1992ರಲ್ಲಿ ಅದು ಮುಚ್ಚಿತು. ಹಗ್ಗ ಕಟ್ಟೋದು ಸುಲಭ, ಎಳೆದವನಿಗೆ ಬೈಯದೇ ಇರೋದು ಕಷ್ಟ.

ಇನ್ನೊಂದು ಉದಾಹರಣೆ ನಮಗೆ ಲ್ಯಾಬಿನಿಂದಾಗಿ ಚೆನ್ನಾಗಿ ಅರ್ಥ ಆಯ್ತು. 1980ರ ದಶಕದಲ್ಲಿ ಫೋರ್ಡ್ ಕಂಪನಿ ಅಮೆರಿಕದಲ್ಲಿ ಮಾರುವ ಒಂದು ಕಾರಿನ ಗೇರ್‌ಬಾಕ್ಸನ್ನು ತಾನೂ ಮಾಡ್ತಿತ್ತು, ಅದೇ ಡ್ರಾಯಿಂಗ್ ಕೊಟ್ಟು ಜಪಾನಿನ ಮಜ್ದಾ ಕೈಯಲ್ಲೂ ಮಾಡಿಸ್ತಿತ್ತು. ಗ್ರಾಹಕರ ದೂರು, ವಾರಂಟಿ ಖರ್ಚು ಫೋರ್ಡ್ ಮಾಡಿದ್ದರಲ್ಲೇ ಜಾಸ್ತಿ. ಎರಡನ್ನೂ ಬಿಚ್ಚಿ ಅಳೆದರು. ಫೋರ್ಡಿನ ಭಾಗಗಳು ಟಾಲರೆನ್ಸ್ ಒಳಗೇ ಇದ್ದವು, ಇನ್‌ಸ್ಪೆಕ್ಷನ್ನಿನಲ್ಲಿ ಪಾಸ್. ಆದರೆ ಮಜ್ದಾದ ಭಾಗಗಳಲ್ಲಿ ಒಂದಕ್ಕೊಂದು ವ್ಯತ್ಯಾಸವೇ ಇಲ್ಲ ಅನ್ನುವಷ್ಟು ಕಡಿಮೆ.

ಕಳೆದ ಸೆಮಿಸ್ಟರಿನಲ್ಲಿ ಲೇಥ್ ಮೇಲೆ 25 ಮಿ.ಮೀ. ಶಾಫ್ಟ್ ಟರ್ನ್ ಮಾಡುವಾಗ ನಾವೂ ಇದನ್ನು ನೋಡಿದ್ದೆವು. ಒಂದು ಮಿ.ಮೀ.ನ ಹತ್ತನೇ ಒಂದು ಭಾಗ ಆಚೀಚೆ ಆದರೂ ಪಾಸ್. ಒಂದು ಬ್ಯಾಚಿನ ಶಾಫ್ಟುಗಳು ಆ ಗಡಿಯ ತುದಿಯಿಂದ ತುದಿಗೆ ಹರಡಿಕೊಂಡಿದ್ದವು. ಇನ್ನೊಂದು ಬ್ಯಾಚಿನವರು ಪ್ರತಿ ಸಲ ಟೂಲ್ ಚೆಕ್ ಮಾಡಿ, ಮೈಕ್ರೋಮೀಟರಿನ ಝೀರೋ ನೋಡಿ ಕಟ್ ಹಾಕ್ತಿದ್ದರು. ಅವರವು 25ರ ಸುತ್ತಲೇ ಗುಂಪು ಕಟ್ಟಿಕೊಂಡಿದ್ದವು. ಎರಡು ಬ್ಯಾಚಿಗೂ ರೆಕಾರ್ಡಿನಲ್ಲಿ ಒಂದೇ ಸಹಿ. ಅದೇ ಲೇಥ್, ಅದೇ ಕಬ್ಬಿಣ, ಅದೇ ಕಾಲೇಜು, ಅದೇ ದೇಶ. ಇಂಥ ಇಪ್ಪತ್ತು ಭಾಗ ಒಂದರೊಳಗೊಂದು ಕೂರಬೇಕು ಅಂದಾಗ ಯಾವ ಬ್ಯಾಚಿನ ಗೇರ್‌ಬಾಕ್ಸ್ ನಿಶ್ಶಬ್ದವಾಗಿ ಓಡುತ್ತೆ ಅಂತ ನೀವೇ ಹೇಳಿ.

ಇನ್ನು ಸುರಕ್ಷತೆಯ ವಿಷಯ. "ಇಂಡಿಯಾದಲ್ಲಿ ಮಾಡಿದ ಕಾರು ತಗಡು" ಅನ್ನೋ ಜೋಕ್ ಎಲ್ಲರಿಗೂ ಗೊತ್ತು. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಭಾರತದ ಐದು ಕಾರುಗಳನ್ನು ಗುದ್ದಿಸಿ ನೋಡಿತು. ಏರ್‌ಬ್ಯಾಗ್ ಇಲ್ಲದ ಆ ಐದಕ್ಕೂ ಸೊನ್ನೆ ಸ್ಟಾರ್. ಅದರಲ್ಲಿ ಪುಣೆ ಹತ್ತಿರದ ಚಾಕಣದಲ್ಲಿ ಆಗ ತಯಾರಾಗುತ್ತಿದ್ದ ಫೋಕ್ಸ್‌ವ್ಯಾಗನ್ ಪೋಲೋ ಕೂಡ ಇತ್ತು. ಆದರೆ ಎರಡು ಏರ್‌ಬ್ಯಾಗ್ ಇರುವ ಪೋಲೋವನ್ನು ಗುದ್ದಿಸಿದಾಗ 4 ಸ್ಟಾರ್ ಬಂತು! ಅದೇ ಫ್ಯಾಕ್ಟರಿ, ಅದೇ ಕೆಲಸಗಾರರು. ನಾಲ್ಕು ಸ್ಟಾರ್ ಅಂತರ ಹುಟ್ಟಿದ್ದು ಯಾವ ವೇರಿಯಂಟಿಗೆ ಏನು ಹಾಕಬೇಕು ಅಂತ ಲೆಕ್ಕ ಹಾಕಿದ ಆಫೀಸಿನಲ್ಲಿ, ಲೈನಿನಲ್ಲಲ್ಲ. 2018ರಲ್ಲಿ ಟಾಟಾ ನೆಕ್ಸಾನ್ ಅದೇ ಪರೀಕ್ಷೆಯಲ್ಲಿ 5 ಸ್ಟಾರ್ ತಗೊಂಡಿತು, ಅದೂ ಮಹಾರಾಷ್ಟ್ರದಲ್ಲೇ ತಯಾರಾದದ್ದು. ಸೊನ್ನೆಗೂ ಐದಕ್ಕೂ ದೇಶ ಒಂದೇ.

ಇಷ್ಟೆಲ್ಲ ಹೇಳಿ ಜಾಗಕ್ಕೆ ಬೆಲೆಯೇ ಇಲ್ಲ ಅಂದುಬಿಟ್ಟರೆ ಅದೂ ನ್ಯಾಯ ಅಲ್ಲ. ಸುತ್ತಮುತ್ತ ಒಳ್ಳೆ ಸಪ್ಲೈಯರ್‌ಗಳು ಇದ್ದಾರಾ, ಹೊಸ ಲೈನಿನಲ್ಲಿ ಕೈ ಪಳಗಿದೆಯಾ, ಕೆಲಸಗಾರರು ಆರು ತಿಂಗಳ ಕಾಂಟ್ರಾಕ್ಟಿನವರಾ ಅಥವಾ ಹತ್ತು ವರ್ಷದ ಅನುಭವದವರಾ – ಇವೆಲ್ಲ ಜಾಗದ ಜೊತೆ ಬರುವ ವಿಷಯಗಳು. ಆರು ತಿಂಗಳಿಗೊಮ್ಮೆ ಜನ ಬದಲಾದರೆ ಕಲಿತ ಕೈ ಗೇಟಿನಿಂದ ಹೊರಗೆ ಹೋಗುತ್ತೆ, ಹೊಸ ಕೈ ಮೊದಲಿಂದ ಕಲಿಯಬೇಕು. ಆದರೆ ಇವು ಯಾವುವೂ ಪಾಸ್‌ಪೋರ್ಟಿನಲ್ಲಿ ಬರೆದಿರೋ ವಿಷಯಗಳಲ್ಲ. ಸರಿ ಮಾಡಬಹುದಾದವು.

ಸರಿ ಮಾಡಿದರೆ ಏನಾಗುತ್ತೆ ಅನ್ನೋದಕ್ಕೂ ಉದಾಹರಣೆ ಇದೆ. ಗುಜರಾತಿನಲ್ಲಿ ತಯಾರಾದ ಫ್ರಾಂಕ್ಸ್ ಕಾರನ್ನು 2024ರಲ್ಲಿ ಸುಜುಕಿ ಜಪಾನಿನಲ್ಲೇ ಮಾರೋಕೆ ಶುರು ಮಾಡಿತು. 2025ರ ಜನವರಿ ಕೊನೆಯಲ್ಲಿ ಐದು ಬಾಗಿಲಿನ ಜಿಮ್ನಿಯನ್ನು ಅಲ್ಲಿ ಘೋಷಿಸಿತು, ಅದೂ ಭಾರತದಲ್ಲೇ ತಯಾರಾಗುವ ಗಾಡಿ. ನಾಲ್ಕೇ ದಿನದಲ್ಲಿ ಸುಮಾರು 50,000 ಆರ್ಡರ್ ಬಂದು ಬುಕಿಂಗ್ ನಿಲ್ಲಿಸಬೇಕಾಯ್ತು. ನಮ್ಮಲ್ಲಿ "ಜಪಾನ್ ಕ್ವಾಲಿಟಿ" ಅಂತ ಕನಸು ಕಾಣ್ತಿದ್ದರೆ ಜಪಾನಿನವರು ಇಲ್ಲಿಯ ಗಾಡಿಗೆ ಕ್ಯೂ ನಿಂತಿದ್ದಾರೆ.

ನಮಗೆ ಇಷ್ಟು ಸಿಟ್ಟು ಬರೋದಕ್ಕೆ ಇನ್ನೊಂದು ಕಾರಣವೂ ಇದೆ, ಅದು ಕಾರಿನದ್ದಲ್ಲ. ನುಮ್ಮಿಯಲ್ಲಿ ಟೊಯೋಟಾ ಕೊರೊಲ್ಲಾ ಮತ್ತು ಜಿಎಂನ ಪ್ರಿಝಮ್ ಒಂದೇ ಲೈನಿನಲ್ಲಿ ತಯಾರಾಗ್ತಿದ್ದವು, ಹೆಚ್ಚುಕಮ್ಮಿ ಅವಳಿ ಮಕ್ಕಳು. ಆದರೂ ಸೆಕೆಂಡ್ ಹ್ಯಾಂಡ್ ಮಾರ್ಕೆಟ್ಟಿನಲ್ಲಿ ಕೊರೊಲ್ಲಾಗೇ ಜಾಸ್ತಿ ಬೆಲೆ. ಜನ ಕೊಟ್ಟಿದ್ದು ಬ್ಯಾಡ್ಜಿಗೆ ದುಡ್ಡು. ಇದನ್ನು ಓದಿದಾಗ ರೂಮಿನಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಎರಡು ವರ್ಷದಲ್ಲಿ ನಾವೂ ಪ್ಲೇಸ್‌ಮೆಂಟಿಗೆ ಕೂರ್ತೀವಿ. ರೆಸ್ಯೂಮೆಯ ಮೊದಲ ಸಾಲಿನಲ್ಲಿ ನಾವು "ಎಲ್ಲಿ ಅಸೆಂಬಲ್ ಆದ್ವಿ" ಅನ್ನೋದು ಇರುತ್ತೆ. ಅದಷ್ಟನ್ನೇ ನೋಡಿ ಪಕ್ಕಕ್ಕಿಡುವವರೂ ಇರ್ತಾರೆ. ನಮ್ಮನ್ನು ಹಾಗೆ ಅಳೆಯಬೇಡಿ ಅಂತ ಕೇಳುವವರು ಬಿಡದಿಯ ಅಣ್ಣನನ್ನು ಮಾತ್ರ ಹಾಗೇ ಅಳೆದರೆ ಹೇಗೆ?

ಓದಿದ್ದೆಲ್ಲ ಮುಗಿದ ಮೇಲೆ ನಾವು ಆ ಅಣ್ಣನಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದೆವು: "ತಪ್ಪು ಕಂಡ್ರೆ ಲೈನ್ ನಿಲ್ಲಿಸಬಹುದಾ?" ಅವರು ನಕ್ಕು ಹೇಳಿದರು, "ಬಟನ್ ಇದೆ. ಆದ್ರೆ ಒತ್ತಬಹುದೋ ಇಲ್ವೋ ಅನ್ನೋದು ಆವತ್ತಿನ ಶಿಫ್ಟ್ ಎಂಜಿನಿಯರ್ ಯಾರು ಅನ್ನೋದರ ಮೇಲೆ. ಒಬ್ರು ಬಂದು ಏನಾಯ್ತಪ್ಪ ಅಂತ ಕೇಳ್ತಾರೆ. ಇನ್ನೊಬ್ರು ಟಾರ್ಗೆಟ್ ಯಾರು ಕೊಡ್ತಾರೆ ನಿಮ್ಮಪ್ಪನಾ ಅಂತಾರೆ."

ಶಿಫ್ಟ್ ಎಂಜಿನಿಯರ್ ಅಂದರೆ ಯಾರು? ಇನ್ನು ನಾಲ್ಕೈದು ವರ್ಷ ಆದಮೇಲೆ ನಮ್ಮ ಕ್ಲಾಸಿನವರೇ. ನಮ್ಮಲ್ಲಿ ಬಹಳ ಜನಕ್ಕೆ ಸಾಫ್ಟ್‌ವೇರೇ ಬೇಕು, ಕೋರ್ ಅಂದರೂ ಡಿಸೈನ್ ಬೇಕು, ಶಾಪ್ ಫ್ಲೋರ್ ಅಂದರೆ ಮುಖ ಸಿಂಡರಿಸ್ತೀವಿ. ಆದರೂ ಕೆಲವರು ಅಲ್ಲಿಗೆ ಹೋಗ್ತೀವಿ. ಆವತ್ತು ಐಟಿಐ ಮುಗಿಸಿದ, ನಮಗಿಂತ ಹತ್ತು ವರ್ಷ ದೊಡ್ಡವರಾದ ಯಾರೋ ಬಟನ್ ಒತ್ತಿ ಲೈನ್ ನಿಲ್ಲಿಸ್ತಾರೆ. ಟಾರ್ಗೆಟ್ ಹಿಂದೆ ಬಿದ್ದಿರುತ್ತೆ, ಮೇಲಿನವರ ಫೋನ್ ಬರ್ತಿರುತ್ತೆ. ಆಗ ನಾವು ಬಾಯಿಬಿಟ್ಟು ಹೇಳುವ ಮೊದಲ ಮಾತು ಆ ಕಾರಿನ ಕ್ವಾಲಿಟಿಯಲ್ಲಿ ಸೇರಿಹೋಗುತ್ತೆ. "ಏನಾಯ್ತಣ್ಣ, ತೋರಿಸಿ" ಅಂತ ಕೇಳೋದನ್ನು ಈಗಿಂದಲೇ, ನಮ್ಮ ವರ್ಕ್‌ಶಾಪಿನ ಇನ್‌ಸ್ಟ್ರಕ್ಟರ್ ಹತ್ತಿರ ಶುರು ಮಾಡಿದ್ದೀವಿ. ನೀವೂ ಮಾಡಿ ನೋಡಿ. ಮುಂದಿನ ಸಲ ಮೆಸ್ಸಿನಲ್ಲಿ ಯಾರಾದರೂ "ಇಲ್ಲಿ ಅಸೆಂಬಲ್ ಆಗಿದ್ದು" ಅಂದರೆ "ಇಲ್ಲಿ ಅಂದ್ರೆ ಯಾವ ಫ್ಯಾಕ್ಟರಿ, ಅಲ್ಲಿ ಲೈನ್ ನಿಲ್ಲಿಸೋಕೆ ಬಿಡ್ತಾರಾ?" ಅಂತ ಕೇಳಿ. ಸಾರು ತಣ್ಣಗಾದರೂ ಪರವಾಗಿಲ್ಲ.