ದಾಸಿಮಯ್ಯನ ವಚನ ಮತ್ತು ಒಬ್ಬ ತಾಯಿಯ ಪ್ರಶ್ನೆ



ಕಳೆದ ಶ್ರಾವಣದಲ್ಲಿ ವಚನ ಚಿಂತನ ಗೋಷ್ಠಿ ಮುಗಿದು ಎಲ್ಲರೂ ದಾಸೋಹಕ್ಕೆ ತೆರಳಿದ ಮೇಲೆ ತಾಯಿಯೊಬ್ಬರು ಹಿಂದೆ ಉಳಿದರು. ಅವರ ಸಂಸಾರ ಇಂಗ್ಲೆಂಡಿನಲ್ಲಿದೆ. "ಸರ, ನನ್ನ ಮಗಳಿಗೆ ಹದಿನೈದು ವರ್ಷ. ತಾನು ಹುಡುಗಿ ಅಲ್ಲ, ಒಳಗ ಹುಡುಗನ ಅದೀನಿ ಅಂತಾಳ. ಔಷಧ ಕೊಡಸು ಅಂತಾಳ. ಶರಣರು ಇದಕ್ಕ ಏನು ಹೇಳ್ಯಾರ?" ಎಂದರು.

ನಾನು ಕ್ಷಣವೂ ಯೋಚಿಸದೆ ಜೇಡರ ದಾಸಿಮಯ್ಯನ ಪ್ರಸಿದ್ಧ ವಚನವನ್ನು ನೆನಪಿಸಿ, "ಆತ್ಮಕ್ಕೆ ಹೆಣ್ಣು ಗಂಡೆಂಬ ಭೇದವಿಲ್ಲ ತಾಯಿ, ಚಿಂತಿಸಬೇಡಿ" ಎಂದೆ. ಅವರು ತಲೆಯಾಡಿಸಿದರು. ಆಮೇಲೆ ಮೆಲ್ಲಗೆ, "ಹಂಗಾದ್ರ ಔಷಧ ಕೊಡಸ್ಲೋ, ಬ್ಯಾಡೋ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಅಂದು ರಾತ್ರಿ ಅದೇ ವಚನವನ್ನು ಮತ್ತೆ ತೆರೆದು ಕುಳಿತಾಗ ನನ್ನ ಅವಸರ ನನಗೇ ನಾಚಿಕೆ ತರಿಸಿತು. ಒಳಗೊಬ್ಬ ಹುಡುಗನಿದ್ದಾನೆ ಎನ್ನುತ್ತದೆ ಆ ಮಗು. ಒಳಗೆ ಹುಡುಗನೂ ಇಲ್ಲ, ಹುಡುಗಿಯೂ ಇಲ್ಲ ಎಂಬುದು ದಾಸಿಮಯ್ಯನ ನಿಲುವು. ಇವೆರಡೂ ಒಂದೇ ಅಲ್ಲ. ವಚನವನ್ನು ಔಷಧದ ಪರವಾಗಿ ಹೂಡುವವರೂ, ಅದನ್ನೇ ಹಿಡಿದು ಮಗುವಿನ ಸಂಕಟವನ್ನು ಭ್ರಮೆಯೆಂದು ತಳ್ಳುವವರೂ ಶರಣನ ಬಾಯಲ್ಲಿ ತಮ್ಮ ಮಾತನ್ನು ಇಡುತ್ತಾರೆ. ಆತ ನುಡಿದದ್ದು ಆತ್ಮದ ಕುರಿತು. ಮಗು ನೊಂದಿರುವುದು ದೇಹದಿಂದ.

ದೇಹದ ವಿಷಯವನ್ನು ವೈದ್ಯರಲ್ಲೇ ಕೇಳಬೇಕು. ಅಲ್ಲಿಯೂ ಒಮ್ಮತವಿಲ್ಲ. ಲಂಡನ್ನಿನ ಟ್ಯಾವಿಸ್ಟಾಕ್ ಚಿಕಿತ್ಸಾಲಯಕ್ಕೆ ಹಿಂದೆ ವರ್ಷಕ್ಕೆ ಸುಮಾರು 250 ಮಕ್ಕಳನ್ನು ಕಳುಹಿಸಲಾಗುತ್ತಿತ್ತು; ಹತ್ತೇ ವರ್ಷಗಳಲ್ಲಿ, 2021-22ರ ವೇಳೆಗೆ, ಆ ಸಂಖ್ಯೆ 5,000 ದಾಟಿತು. ಮಕ್ಕಳ ವೈದ್ಯೆ ಹಿಲರಿ ಕ್ಯಾಸ್ ಅವರ ವರದಿ 2024ರ ಏಪ್ರಿಲ್‌ನಲ್ಲಿ ಬಂದಿತು. ಪ್ರೌಢಾವಸ್ಥೆಯನ್ನು ತಡೆಯುವ ಔಷಧಗಳಿಂದ ಇಂಥ ಮಕ್ಕಳಿಗೆ ಆಗುವ ಹಿತಕ್ಕೆ ಸಿಗುವ ಪುರಾವೆ ದುರ್ಬಲ, ಹದಿನೆಂಟರೊಳಗೆ ಹಾರ್ಮೋನು ಕೊಡುವಾಗ ಅತ್ಯಂತ ಎಚ್ಚರ ಬೇಕು, ಮಗುವಿನ ಮನಸ್ಸನ್ನೂ ಬಾಳನ್ನೂ ಒಟ್ಟಾಗಿ ನೋಡಬೇಕು ಎಂಬುದು ಅದರ ಸಾರ. ಅಕಾಲದಲ್ಲಿ ಮೈನೆರೆಯುವ ಎಳೆಯ ಮಕ್ಕಳಿಗೆ ಇದೇ ಔಷಧವನ್ನು ದಶಕಗಳಿಂದ ಕೊಡುತ್ತಿದ್ದಾರೆ. ಆದರೆ ಅಲ್ಲಿನ ಉದ್ದೇಶವೇ ಬೇರೆ. 2024ರ ಡಿಸೆಂಬರ್‌ನಲ್ಲಿ ಬ್ರಿಟಿಷ್ ಸರ್ಕಾರವು ಈ ಕಾರಣಕ್ಕಾಗಿ ಹದಿನೆಂಟರೊಳಗಿನವರಿಗೆ ಹೊಸದಾಗಿ ಅದನ್ನು ಬರೆದುಕೊಡುವುದನ್ನು ಅನಿರ್ದಿಷ್ಟಾವಧಿಗೆ ನಿಷೇಧಿಸಿತು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯಾದರೋ 2023ರಲ್ಲಿ ಇಂಥ ಚಿಕಿತ್ಸೆಗೆ ತನ್ನ ಬೆಂಬಲವನ್ನು ಪುನರುಚ್ಚರಿಸಿತ್ತು.

ನನಗೆ ತಾಳ್ಮೆಯ ದಾರಿಯೇ ಸರಿಯೆನಿಸುತ್ತದೆ. ಆದರೆ 'ಕಾಯಿರಿ' ಎನ್ನುವುದು ನನ್ನಂಥವನಿಗೆ ಸುಲಭ. ಹದಿನೈದರ ದೇಹ ಯಾರಿಗಾಗಿಯೂ ಕಾಯದು, ದಿನದಿನಕ್ಕೆ ಬದಲಾಗುತ್ತದೆ. ಆ ಮಗು ಅದನ್ನು ಕನ್ನಡಿಯಲ್ಲಿ ಕಾಣುತ್ತಿದೆ.

ಮರುದಿನ ಆ ತಾಯಿಗೆ ದೂರವಾಣಿ ಮಾಡಿ, ನಿನ್ನೆ ನಾನು ಕೊಟ್ಟದ್ದು ಉತ್ತರವಲ್ಲವೆಂದು ಒಪ್ಪಿಕೊಂಡೆ. ಮಗುವಿನ ಮಾತನ್ನು ನಡುವೆ ತಡೆಯದೆ ಕೇಳಿ, ಅವಸರಪಡಿಸದ ವೈದ್ಯರನ್ನು ಕಾಣಿರಿ ಎಂದಷ್ಟೇ ಹೇಳಿದೆ. ಅವರು ನಕ್ಕು ಒಂದು ಸಂಗತಿ ತಿಳಿಸಿದರು. ತನ್ನನ್ನು 'ಅವಳು' ಎನ್ನಬಾರದೆಂದು ಮಗು ಹಟ ಹಿಡಿದಾಗಿನಿಂದ ಮನೆಯಲ್ಲಿ ದಿನವೂ ಜಗಳವಂತೆ. ಊರಿನ ಅಜ್ಜಿಗೆ ಮಾತ್ರ ಆ ತೊಡಕೇ ಇಲ್ಲವಂತೆ. ವ್ಯಾಕರಣ ಓದಿದ ನನಗೆ ಅದು ಹೊಳೆದಿರಲಿಲ್ಲ: ನಮ್ಮ ನುಡಿಯಲ್ಲಿ 'ನಾನು', 'ನೀನು' ಎಂಬಲ್ಲಿ ಹೆಣ್ಣು ಗಂಡಿನ ಗುರುತಿಲ್ಲ. ಪ್ರತಿ ಭಾನುವಾರ ಫೋನಿನಲ್ಲಿ ಅಜ್ಜಿ ಕೇಳುವುದು ಒಂದೇ, "ನೀ ಉಂಡ್ಯೇನು?"