ಗಾಜಿನ ತೊಟ್ಟಿಯ ನೆರೆಹೊರೆ

ಚಿಕ್ಕ ಮೀನುಗಳನ್ನು ಸಾಕುವವರು ಬಹುಮಟ್ಟಿಗೆ ಬಣ್ಣವನ್ನು ನೋಡಿಯೇ ಅವುಗಳನ್ನು ಕೊಳ್ಳುವರು. ಹಳೆಯ ವಿದ್ಯಾರ್ಥಿನಿಯರಾದ ನಮ್ಮಲ್ಲಿ ಅನೇಕರ ಮನೆಗಳಲ್ಲಿ ಮಕ್ಕಳ ಹಟದಿಂದ ಇಂತಹ ಗಾಜಿನ ತೊಟ್ಟಿಗಳು ಬಂದಿರುವುದರಿಂದ ಈ ವಿಷಯವಾಗಿ ನಾಲ್ಕು ಮಾತು ಬರೆಯಲು ಮನಸ್ಸಾಯಿತು. ಹೊಳೆಯ ಮೀನು ತನಗೆ ಹಿಡಿಸದ ನೆರೆಯಿಂದ ದೂರ ಹೋಗಬಲ್ಲುದು. ತೊಟ್ಟಿಯ ಮೀನಿಗೆ ಹೋಗಲು ಎಡೆಯೇ ಇಲ್ಲ. ಆದುದರಿಂದ ಜೊತೆಯನ್ನು ಆರಿಸುವ ಹೊಣೆ ಸಾಕುವವರದು.

ನಂಜನಗೂಡಿನ ನಮ್ಮ ಮನೆಯಲ್ಲಿ ಮೂರಡಿ ಉದ್ದದ ತೊಟ್ಟಿಯೊಂದಿದೆ. ಅದರಲ್ಲಿ ಗಪ್ಪಿಗಳೂ ಜೀಬ್ರಾ ಡೇನಿಯೋಗಳೂ ಇರುವುವು. ನಮ್ಮ ಕೊಳವೆಬಾವಿಯ ಗಡಸು ನೀರು ಗಪ್ಪಿಗಳಿಗೆ ಒಗ್ಗುವುದು. ಅಮೆಜಾನ್ ಪ್ರಾಂತ್ಯದ ಮೆದುನೀರಿನಿಂದ ಬಂದ ನಿಯಾನ್ ಟೆಟ್ರಾಗಳಿಗೆ ಅಷ್ಟಾಗಿ ಒಗ್ಗದು. ಡೇನಿಯೋ ನಮ್ಮ ದೇಶದ್ದೇ. 1822ರಲ್ಲಿ ಗಂಗಾನದಿಯ ಮೀನುಗಳ ಕುರಿತಾದ ಗ್ರಂಥದಲ್ಲಿ ಅದನ್ನು ವರ್ಣಿಸಿದ ಫ್ರಾನ್ಸಿಸ್ ಹ್ಯಾಮಿಲ್ಟನನೇ, ಬುಕಾನನ್ ಎಂಬ ತನ್ನ ಮೊದಲಿನ ಹೆಸರಿನಿಂದ, 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿ ನೋಡಿದವನು. ಒಂದೂವರೆ ಅಂಗುಲದ ಈ ಮೀನಿಗೆ ಗುಂಪೇ ಬಲ. ಎರಡನ್ನೇ ಬಿಟ್ಟರೆ ಒಂದು ಇನ್ನೊಂದನ್ನು ಅಟ್ಟಾಡುವುದು, ಆರೇಳಿದ್ದರೆ ಶಾಂತವಾಗಿರುವುವು.

ತಿರುಮಕೂಡಲು ನರಸೀಪುರದಿಂದ ನನ್ನ ತಂಗಿಯ ಮಗಳು ರಜಕ್ಕೆ ಬಂದಾಗಲೆಲ್ಲ ಹೊಸ ಜೊತೆಯನ್ನು ಸೂಚಿಸುವಳು. “ದೊಡ್ಡಮ್ಮ, ಫೈಟರ್ ಮೀನನ್ನು ಬಿಡೋಣವೆ?” ಗಂಡು ಫೈಟರು ಗಪ್ಪಿಯ ಬೀಸುಬಾಲವನ್ನು ಕಂಡು ತನ್ನ ಜಾತಿಯ ಇನ್ನೊಂದು ಗಂಡೆಂದು ಮೇಲೆ ಬೀಳುವುದುಂಟು. “ಹಾಗಾದರೆ ಟೈಗರ್ ಬಾರ್ಬ್?” ಅದು ಉದ್ದ ರೆಕ್ಕೆಗಳನ್ನು ಕಚ್ಚುವುದು. “ಏಂಜೆಲ್?” ಹೆಸರೇನೋ ದೇವದೂತನದು, ಆದರೆ ಬೆಳೆದ ಮೇಲೆ ಬಾಯಿಗೆ ಹಿಡಿಸಿದ ಮೀನೆಲ್ಲವೂ ಅದಕ್ಕೆ ಆಹಾರ. “ಬಂಗಾರದ ಮೀನಾದರೂ ಸಾಧುವಲ್ಲವೆ?” ಸಾಧುವೇ ಸರಿ. ಆದರೆ ಅದಕ್ಕೆ ತಂಪು ನೀರು ಬೇಕು, ಗೇಣುದ್ದ ಬೆಳೆಯುವುದು, ನೀರನ್ನೂ ಬೇಗನೆ ಹೊಲಸುಮಾಡುವುದು. ಹೆಣ್ಣು ನೋಡಲು ಬಂದವರೂ ಇಷ್ಟು ಕೊಂಕು ತೆಗೆಯರೆಂದು ಹುಡುಗಿ ಮುನಿದಳು. ಕಡೆಗೆ, ತಳದ ಮರಳಿನಲ್ಲಿ ತಮ್ಮ ಪಾಡಿಗೆ ಮೇವು ಹುಡುಕುವ ಆರು ಕೋರಿಡೋರಾಸ್ ಮೀನುಗಳಿಗೆ ಇಬ್ಬರೂ ಒಪ್ಪಿದೆವು.

ಹೊಂದದ ಮೀನನ್ನು ಏನು ಮಾಡುವುದು? ನನಗೆ ಭಯವಿರುವುದು ಇಲ್ಲಿಯೇ. ಹೊಳೆಗೆ ಬಿಟ್ಟರೆ ಪುಣ್ಯವೆಂದು ಹೇಳುವವರುಂಟು. ನಂಜನಗೂಡಿನಲ್ಲಿ ಕಪಿಲೆಗೆ ಬಿಟ್ಟುದು ಅಲ್ಲಿಯೇ ನಿಲ್ಲದು. ನರಸೀಪುರದ ಸಂಗಮವನ್ನು ದಾಟಿ ಕಾವೇರಿಯನ್ನು ಸೇರಬಲ್ಲುದು. ಸೊಳ್ಳೆಯ ಮರಿಗಳನ್ನು ತಿನ್ನಲೆಂದು 1928ರ ಸುಮಾರಿಗೆ ನಮ್ಮ ದೇಶಕ್ಕೆ ತಂದ ಗ್ಯಾಂಬೂಸಿಯಾ ಮೀನು, ಅನ್ಯ ಮೀನುಗಳ ಮೊಟ್ಟೆ ಮರಿಗಳನ್ನೂ ಬಿಡದೆ ತಿನ್ನುವುದು. ಕಾವೇರಿಯ ಜಲಪ್ರದೇಶದಲ್ಲಿಯಲ್ಲದೆ ಬೇರೆಲ್ಲಿಯೂ ಹುಟ್ಟದ ಮೀನುಗಳು ಇವೆ. 1849ರಲ್ಲಿ ಜೆರ್ಡನ್ ಎಂಬ ವೈದ್ಯನು ಹೆಸರಿಸಿದ ಅರೂಲಿಯಸ್ ಬಾರ್ಬ್ ಅವುಗಳಲ್ಲೊಂದು. ಅದು ಈಗ ಅಳಿವಿನ ಭಯವಿರುವ ಜೀವಿಗಳ ಪಟ್ಟಿಯನ್ನು ಸೇರಿದೆ. ಅದರ ಮನೆಗೆ ನಮ್ಮ ತೊಟ್ಟಿಯ ಜಗಳಗಂಟರನ್ನು ಕಳುಹಿಸಲು ನಮಗೇನು ಅಧಿಕಾರ?

ಗಪ್ಪಿಗಳು ಮಿತಿಮೀರಿ ಹೆಚ್ಚಿದಾಗ ನಾನು ಅವುಗಳನ್ನು ಅಂಗಡಿಗೇ ಹಿಂದಿರುಗಿಸುವೆನು. ಅಂಗಡಿಯವನು ಹಣ ಕೊಡುವುದಿಲ್ಲ. ಒಂದು ಪೊಟ್ಟಣ ಮೀನಿನ ಆಹಾರವನ್ನು ಕೈಗಿಡುವನು.