ಮರಳಿನೊಳಗಿನ ಹೊಳೆ

"ನೀರೇ ಇಲ್ಲದ ಹೊಳೆಗೆ ಇಷ್ಟುದ್ದ ಸೇತುವೆ ಯಾಕೆ ಸಾರ್?" ಇವತ್ತು ಬೆಳಿಗ್ಗೆ ಬಸ್ಸು ಜಯಮಂಗಲಿಯನ್ನು ದಾಟುವಾಗ ಪಕ್ಕದ ಸೀಟಿನ ಹುಡುಗ ಕೇಳಿದ. ಉತ್ತರಕ್ಕೆ ಕಾಯದೆ ಮೊಬೈಲಿಗೆ ಕಣ್ಣು ಹಾಕಿದ. ಆ ಮಾತು ನನಗೆ ಮಾತ್ರ ಅಂಗಾಲಿಗೆ ನಾಟಿದ ಜಾಲಿಮುಳ್ಳಾಯಿತು.

ಬಯಲುಸೀಮೆಯ ಹೊಳೆ ಮಳೆ ಬಂದಾಗಷ್ಟೇ ಹರಿಯುತ್ತದೆಂಬುದು ಎಲ್ಲರಿಗೂ ಗೊತ್ತು. ಸೇತುವೆ ಏಕೆ ಉದ್ದವೆಂದು ಆಶ್ವಯುಜದ ಒಂದು ಜಡಿಮಳೆಯ ರಾತ್ರಿಯೇ ಹೇಳೀತು. ಅದನ್ನು ಬಿಡೋಣ. ಮೇಲೆ ಕಾಣದ್ದರಿಂದ ನೀರೇ ಇಲ್ಲವೆಂದು ಹುಡುಗ ತೀರ್ಮಾನಿಸಿದ್ದನ್ನು ನನಗೆ ಸಹಿಸಲಾಗಲಿಲ್ಲ.

ಬೇಸಿಗೆಯಲ್ಲಿ ಈ ಸೀಮೆಯ ಹೊಳೆ ಮರಳಿನೊಳಗಿರುತ್ತಿತ್ತು. ಮರಳಿನ ಗಾತ್ರದಲ್ಲಿ ಸುಮಾರು ಮೂರನೇ ಒಂದು ಪಾಲು ಕಾಳುಗಳ ನಡುವಿನ ತೆರಪು. ಮಳೆಗಾಲದ ನೀರು ಅಲ್ಲಿಗೆ ಇಳಿದು ಕೂರುತ್ತದೆ. ಎರಡು ಮೂರು ಅಡಿ ಕೆಳಗೆ ಹೋದ ನೀರು ಬಿಸಿಲಿಗೆ ಅಷ್ಟು ಸುಲಭವಾಗಿ ಸಿಗುವುದಿಲ್ಲ. ಕೆರೆಯಂಗಳ ಬಿರುಕು ಬಿಡುವ ಹೊತ್ತಿಗೂ ಹೊಳೆಯ ಮರಳು ಒಳಗೆ ತಣ್ಣಗಿರುತ್ತದೆ. ದಡದ ಹೊಂಗೆ ಕಡುಬೇಸಿಗೆಯಲ್ಲೇ ಚಿಗುರಿ ನಿಲ್ಲುತ್ತದೆ. ಮರಳೆಂದರೆ ಲಾರಿಯ ಲೆಕ್ಕ ಹಾಕುವವರ ಎದುರು ನಾನು ಈ ಮಾತನ್ನು ಎಷ್ಟು ಸಲ ಬೇಕಾದರೂ ಹೇಳಬಲ್ಲೆ. ನಮ್ಮ ಸೀಮೆಯಲ್ಲಿ ಮರಳಿಗಿಂತ ದೊಡ್ಡ ಆಸ್ತಿಯಿಲ್ಲ. ಒಂದು ಲಾರಿ ಮರಳು ಬೆಂಗಳೂರಿನ ತಾರಸಿಗೆ ಹೋಯಿತೆಂದರೆ, ಮುಂದಿನ ಎಷ್ಟೋ ಮಳೆಗಾಲಗಳ ನೀರು ನಿಲ್ಲುವ ಜಾಗವೇ ಹೋಯಿತು. ಮರಳು ಬಗೆದ ಹೊಳೆಯಲ್ಲಿ ಮಳೆ ಬಂದ ದಿನ ಕೆಂಪು ನೀರು ಓಡುತ್ತದೆ, ಮಾರನೆಯ ದಿನ ಗುಂಡಿಗಳಷ್ಟೇ ಉಳಿಯುತ್ತವೆ. ಹುಡುಗ ಕಿಟಕಿಯಿಂದ ಕಂಡದ್ದು ಅದನ್ನೇ. ತಪ್ಪು ಅವನದಲ್ಲ.

ಹೊಳೆಯಲ್ಲಿ ಮರಳಿದ್ದ ಕಾಲದಲ್ಲಿ ನಮ್ಮಜ್ಜಿ ಅದನ್ನು ಕೈಯಿಂದ ಬಗೆದು, ಮೊದಲು ಬಂದ ಕದಡಿದ ನೀರನ್ನು ತೆಂಗಿನ ಕರಟದಿಂದ ಎತ್ತಿ ಚೆಲ್ಲುತ್ತಿದ್ದಳು. "ಆತುರ ಬೇಡ ಮಗ, ಒರತೆ ತಿಳಿಯಾಗಬೇಕು" ಅನ್ನುತ್ತಿದ್ದಳು. ಆ ನೀರಿನಲ್ಲಿ ಬೆಂದ ಬೇಳೆಯ ರುಚಿಯನ್ನು ಕೊಳವೆಬಾವಿಯ ನೀರು ಇವತ್ತಿಗೂ ಕೊಟ್ಟಿಲ್ಲ.

ಒರತೆ ಮನೆಯ ಬಿಂದಿಗೆಗಾದರೆ, ಹೊಲಗದ್ದೆಗೆ ತಲಪರಿಗೆಯಿತ್ತು. ಪಾವಗಡ, ಮಧುಗಿರಿ, ಕೊರಟಗೆರೆ, ಶಿರಾ ಕಡೆಯ ಹಿರಿಯರಿಗೆ ಇದು ಚೆನ್ನಾಗಿ ಗೊತ್ತು. ಹಳ್ಳದ ಮಗ್ಗುಲಲ್ಲೋ ಕೆರೆಯ ಅಂಗಳದಲ್ಲೋ ಊಟೆ ಕಂಡ ಕಡೆ ತೋಡಿ, ಕಾಲುವೆ ತೆಗೆದು, ನೀರನ್ನು ತಾನಾಗಿ ಗದ್ದೆಗೆ ಹರಿಯಬಿಡುತ್ತಿದ್ದರು. ಏತವೂ ಬೇಡ, ಪಂಪೂ ಬೇಡ. ಹೂಳು ತುಂಬಿದರೆ ನೀರಿನ ಪಾಲುದಾರರೆಲ್ಲ ಸೇರಿ ತೆಗೆಯಬೇಕು, ಗಂಗಮ್ಮನಿಗೆ ಪೂಜೆ ಮಾಡಬೇಕು.

ಈ ಪಾಲಿನ ಮಾತು ಬಂದಾಗಲೆಲ್ಲ ನನಗೆ ನೀರುಗಂಟಿಯ ನೆನಪಾಗುತ್ತದೆ. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದನ್ನು ಅವನು ಹೇಳಿದರೆ ಮುಗಿಯಿತು, ಊರ ಗೌಡನೂ ಸರದಿ ಕಾಯಬೇಕು. ಅವನ ಕೈಯಲ್ಲಿದ್ದದ್ದು ಒಂದು ಸನಿಕೆ. ನೀರು ಕಡಿಮೆಯಾದ ವರ್ಷ ಎಲ್ಲರ ಪಾಲೂ ಒಟ್ಟಿಗೇ ತಗ್ಗುತ್ತಿತ್ತು. ಈಗ ಆಳಕ್ಕೆ ಕೊರೆಸುವ ದುಡ್ಡಿದ್ದವನಿಗೆ ನೀರು, ಇಲ್ಲದವನಿಗೆ ಟ್ಯಾಂಕರು. ಕೊರತೆಯನ್ನು ಹಂಚಿಕೊಳ್ಳಲು ಗೊತ್ತಿದ್ದ ಊರು ಬಡ ಊರಾಗಿರಲಿಲ್ಲ ಎಂದೇ ನನ್ನ ನಂಬಿಕೆ.